ಬೈಪಾಸ್ ಆದ ಮೇಲೆ ಇಸಿಜಿ ಬದಲಾದರೆ: ಮೊದಲ ದಿನದಿಂದ ಮುಂದಿನ ವರ್ಷಗಳವರೆಗೆ ಏನು ನೋಡಬೇಕು, ಯಾವಾಗ ಓಡಬೇಕು

ಬೈಪಾಸ್ ಮಾಡಿಸಿಕೊಂಡು ಮನೆಗೆ ಬಂದವರ ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಆರ್‌ಬಿಬಿಬಿ’, ‘ಎಲ್‌ಬಿಬಿಬಿ’, ‘ಫಸ್ಟ್ ಡಿಗ್ರಿ ಎವಿ ಬ್ಲಾಕ್’ ಎಂಬ ಸಾಲು ಕಂಡಾಗ ಮನೆಯವರು ಗಾಬರಿಯಾಗುತ್ತಾರೆ. ಇಷ್ಟು ದೊಡ್ಡ ಆಪರೇಷನ್ ಮಾಡಿ ಬ್ಲಾಕ್ ಸರಿಮಾಡಿದ ಮೇಲೆ ಮತ್ತೆ ಬ್ಲಾಕ್ ಎಂದು ಯಾಕೆ ಬರೆದಿದ್ದಾರೆ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಇದು ರಕ್ತನಾಳದ ಬ್ಲಾಕ್ ಅಲ್ಲ. ಬಡಿತದ ಸಂಕೇತ ಹೃದಯದ ಸ್ನಾಯುವಿಗೆ ಹೋಗಿ ಮುಟ್ಟುವ ವಿದ್ಯುತ್ ದಾರಿಯಲ್ಲಿ ಆದ ತಡ ಅಥವಾ ತಡೆ. ಆರ್‌ಬಿಬಿಬಿ ಎಂದರೆ ಆ ದಾರಿಯ ಬಲ ಕವಲಿನ ತಡೆ, ಎಲ್‌ಬಿಬಿಬಿ ಎಡ ಕವಲಿನದು, ಎವಿ ಬ್ಲಾಕ್ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಇಳಿಯುವಲ್ಲಿನದು. ಹಾಕಿದ ಗ್ರಾಫ್ಟ್‌ಗಳೆಲ್ಲ (ಜೋಡಿಸಿದ ರಕ್ತನಾಳಗಳು) ಚೆನ್ನಾಗಿ ಹರಿಯುತ್ತಿದ್ದರೂ ಇದು ಇರಬಹುದು.

ಇಂಥ ಬದಲಾವಣೆಗಳಲ್ಲಿ ಬಹುಪಾಲು ದಿನಗಳಲ್ಲಿ ಅಥವಾ ಕೆಲವು ವಾರಗಳಲ್ಲಿ ತಾವಾಗಿಯೇ ಹೋಗುತ್ತವೆ. ಕೆಲವು ಉಳಿದುಕೊಂಡರೂ ತೊಂದರೆ ಕೊಡುವುದಿಲ್ಲ. ಬೈಪಾಸ್ ಒಂದನ್ನೇ ಮಾಡಿಸಿಕೊಂಡವರಲ್ಲಿ ಕಾಯಂ ಪೇಸ್‌ಮೇಕರ್ ಬೇಕಾಗುವವರು ನೂರಕ್ಕೆ ಒಬ್ಬರ ಆಸುಪಾಸು. ಅದರ ಜೊತೆಗೆ ಕವಾಟವನ್ನೂ ಬದಲಾಯಿಸಿದ್ದರೆ ಈ ಪ್ರಮಾಣ ಹಲವು ಪಟ್ಟು ಏರುತ್ತದೆ. ನೀವು ಇವುಗಳಲ್ಲಿ ಯಾವ ಗುಂಪಿಗೆ ಸೇರುತ್ತೀರಿ ಎಂಬುದನ್ನು ಒಂದು ಇಸಿಜಿ ನೋಡಿ ಹೇಳಲಾಗದು. ಆಪರೇಷನ್‌ಗೆ ಮೊದಲಿನದು, ಬಿಡುಗಡೆಯ ದಿನದ್ದು, ಆರು ವಾರದ್ದು, ಮೂರು ತಿಂಗಳದ್ದು, ಹೀಗೆ ಸಾಲಾಗಿ ಇಟ್ಟು ನೋಡಿದಾಗಲೇ ಉತ್ತರ ಸಿಗುತ್ತದೆ.

ದಾರಿ ಯಾವುದು, ಏಕೆ ಕೆಡುತ್ತದೆ

ಬಡಿತ ಹುಟ್ಟುವುದು ಬಲ ಹೃತ್ಕರ್ಣದ (ಮೇಲಿನ ಕೋಣೆಯ) ಮೇಲ್ಭಾಗದಲ್ಲಿರುವ ಸೈನಸ್ ನೋಡ್‌ನಲ್ಲಿ. ಅಲ್ಲಿಂದ ಸಂಕೇತ ಎವಿ ನೋಡ್‌ಗೆ ಬಂದು ಒಂದು ಕ್ಷಣ ನಿಧಾನವಾಗಿ, ಹಿಸ್ ಕಟ್ಟಿನ ಮೂಲಕ ಇಳಿದು, ಬಲ ಮತ್ತು ಎಡ ಕವಲುಗಳಾಗಿ ಒಡೆದು ಹೃತ್ಕುಕ್ಷಿಗಳಿಗೆ (ಕೆಳಗಿನ ಕೋಣೆಗಳಿಗೆ) ಹರಡುತ್ತದೆ. ಎಡ ಕವಲು ಮತ್ತೆ ಮುಂದಿನದು, ಹಿಂದಿನದು ಎಂದು ಎರಡಾಗುತ್ತದೆ. ಈ ದಾರಿಗೂ ರಕ್ತ ಬೇಕು. ಸೈನಸ್ ನೋಡ್‌ಗೆ ಸುಮಾರು 60 ಶೇಕಡಾ ಜನರಲ್ಲಿ ಬಲ ಕರೋನರಿಯಿಂದ (ಹೃದಯಕ್ಕೆ ರಕ್ತ ತರುವ ಬಲ ನಾಳ), ಉಳಿದವರಲ್ಲಿ ಎಡಭಾಗದ ಸರ್ಕಂಫ್ಲೆಕ್ಸ್‌ನಿಂದ ರಕ್ತ ಹೋಗುತ್ತದೆ. ಎವಿ ನೋಡ್‌ಗೆ ನೂರಕ್ಕೆ 80ರಿಂದ 90 ಜನರಲ್ಲಿ ಬಲ ಕರೋನರಿಯೇ ಆಧಾರ. ಬಲ ಕವಲು ಮತ್ತು ಎಡ ಕವಲಿನ ಮುಂದಿನ ಭಾಗಕ್ಕೆ ಎಲ್‌ಎಡಿಯಿಂದ (ಹೃದಯದ ಮುಂಭಾಗದಲ್ಲಿ ಇಳಿಯುವ ಎಡ ಕರೋನರಿಯ ಕೊಂಬೆ) ನಡುಗೋಡೆಯೊಳಗೆ ಇಳಿಯುವ ಸಣ್ಣ ಕೊಂಬೆಗಳು ರಕ್ತ ಕೊಡುತ್ತವೆ. ಗ್ರಾಫ್ಟ್ ಅನ್ನು ಎಲ್‌ಎಡಿಯ ಕೆಳಭಾಗಕ್ಕೆ ಹೊಲಿದಾಗ ಮೇಲಿನ ಕಟ್ಟಿದ ಜಾಗದ ಆಸುಪಾಸಿನ ಕೊಂಬೆಗಳಿಗೆ ಯಾವಾಗಲೂ ಸಾಕಷ್ಟು ರಕ್ತ ಮುಟ್ಟುತ್ತದೆ ಎನ್ನುವಂತಿಲ್ಲ. ಆಪರೇಷನ್ ಯಶಸ್ವಿಯಾಗಿದ್ದರೂ ಕವಲುಗಳಲ್ಲಿ ತಡೆ ಉಳಿಯಲು ಇದೂ ಒಂದು ಕಾರಣ.

ಇನ್ನುಳಿದ ಕಾರಣಗಳು ಆಪರೇಷನ್ ಟೇಬಲ್ಲಿನ ಮೇಲಿನವು. ಹೃದಯ ನಿಲ್ಲಿಸಲು ಪೊಟ್ಯಾಸಿಯಂ ಹೆಚ್ಚಿರುವ ತಣ್ಣನೆಯ ಕಾರ್ಡಿಯೋಪ್ಲೀಜಿಯಾ ದ್ರಾವಣ ಹರಿಸುತ್ತಾರೆ. ಶೀತ ಮತ್ತು ಪೊಟ್ಯಾಸಿಯಂ ಎರಡೂ ವಿದ್ಯುತ್ ದಾರಿಯನ್ನು ಮಂಕುಮಾಡುತ್ತವೆ. ಮಹಾಪಧಮನಿಗೆ ಕ್ಲ್ಯಾಂಪ್ ಹಾಕಿದ ಸಮಯ ಬೆಳೆದಷ್ಟೂ ಚೇತರಿಕೆ ತಡವಾಗುತ್ತದೆ. ಬಲ ಕವಲು ತೆಳ್ಳಗೆ, ಒಳಪದರದ ಹತ್ತಿರವೇ ಹಾದುಹೋಗುವುದರಿಂದ ಬೇಗ ಪೆಟ್ಟು ತಿನ್ನುತ್ತದೆ. ಬೈಪಾಸ್ ನಂತರ ಹೆಚ್ಚಾಗಿ ಕಾಣುವುದು ಬಲ ಕವಲಿನ ತಡೆಯೇ ಆಗಿರುವುದು ಇದರಿಂದ. ಹೃದಯ ನಿಲ್ಲಿಸದೆ, ಬಡಿಯುತ್ತಿರುವಾಗಲೇ ಮಾಡುವ ಬೈಪಾಸ್ ನಮ್ಮ ದೇಶದಲ್ಲಿ ಬಹಳ ಬಳಕೆಯಲ್ಲಿದೆ. ಅದರಲ್ಲಿ ಕಾರ್ಡಿಯೋಪ್ಲೀಜಿಯಾ ಇಲ್ಲ. ಆದರೂ ಹೊಲಿಗೆ ಹಾಕುವಾಗ ಬಲ ಕರೋನರಿಯನ್ನು ಕೆಲ ನಿಮಿಷ ಬಿಗಿಹಿಡಿದರೆ ಬಡಿತ ಇಳಿಯುವುದು, ಎವಿ ಬ್ಲಾಕ್ ಆಗುವುದು ಉಂಟು. ಸಾಮಾನ್ಯವಾಗಿ ಬಿಟ್ಟ ಕೂಡಲೇ ಸರಿಹೋಗುತ್ತದೆ.

ವಯಸ್ಸು, ಹಳೆಯ ಹಾರ್ಟ್ ಅಟ್ಯಾಕ್, ಪಂಪಿಂಗ್ ಶಕ್ತಿ ಕುಂದಿರುವುದು, ಮೊದಲೇ ಇದ್ದ ಕವಲು ತಡೆ, ಇವಿದ್ದವರಿಗೆ ಅಪಾಯ ಹೆಚ್ಚು.

ಹಂತ 1: ಆಪರೇಷನ್‌ಗೆ ಮುಂಚಿನ ಇಸಿಜಿ ಕೈಯಲ್ಲಿರಲಿ

ಇದು ಎಲ್ಲಕ್ಕಿಂತ ಸುಲಭದ ಕೆಲಸ, ಹೆಚ್ಚಿನವರು ಬಿಡುವುದೂ ಇದನ್ನೇ. ಐದು ವರ್ಷದ ನಂತರ ಎದೆನೋವೆಂದು ತಾಲೂಕು ಆಸ್ಪತ್ರೆಗೆ ಹೋದಾಗ ಅಲ್ಲಿನ ವೈದ್ಯರ ಮುಂದಿರುವ ಪ್ರಶ್ನೆ ಒಂದೇ: ಈ ಎಲ್‌ಬಿಬಿಬಿ ಇವತ್ತಿನದೋ ಹಳೆಯದೋ? ಹಳೆಯ ಇಸಿಜಿ ಇದ್ದರೆ ಒಂದು ನಿಮಿಷದಲ್ಲಿ ಉತ್ತರ. ಇಲ್ಲದಿದ್ದರೆ ಹೊಸ ಅಟ್ಯಾಕ್ ಇರಬಹುದು ಎಂದುಕೊಂಡೇ ನಡೆಯಬೇಕು, ಅಥವಾ ನಿಜವಾದ ಅಟ್ಯಾಕನ್ನು ಹಳೆಯದೆಂದು ಬಿಡುವ ಅಪಾಯವಿದೆ.

ಇಸಿಜಿ ಹಾಳೆ ಥರ್ಮಲ್ ಕಾಗದದ್ದು. ಬಿಸಿಲಿಗೆ, ಶಾಖಕ್ಕೆ ಅಕ್ಷರ, ಗೆರೆ ಮಾಸುತ್ತವೆ. ಜೋಪಾನವಾಗಿರಲಿ ಎಂದು ಲ್ಯಾಮಿನೇಷನ್ ಮಾಡಿಸಿದರೆ ಯಂತ್ರದ ಬಿಸಿಗೆ ಇಡೀ ಹಾಳೆ ಕಪ್ಪಾಗುತ್ತದೆ; ಹೀಗೆ ದಾಖಲೆ ಕಳೆದುಕೊಂಡವರು ಬಹಳ. ಮೊದಲ ದಿನವೇ ಹಾಳೆಯನ್ನು ಮೇಜಿನ ಮೇಲೆ ಸಪಾಟಾಗಿ ಹರಡಿ, ನೆರಳು ಬೀಳದಂತೆ, ನೇರ ಮೇಲಿನಿಂದ ಫೋಟೊ ತೆಗೆಯಿರಿ. ಹೆಸರು, ದಿನಾಂಕ, ವೇಳೆ, ‘25 ಮಿ.ಮೀ/ಸೆ’, ‘10 ಮಿ.ಮೀ/ಎಂವಿ’ ಎಂಬ ಬರಹ ಕಾಣಬೇಕು. ಜೊತೆಗೆ ಸಾದಾ ಕಾಗದದ ಜೆರಾಕ್ಸ್ ಒಂದು ಫೈಲಿನಲ್ಲಿರಲಿ. ಮನೆಯ ಇಬ್ಬರ ಫೋನಿನಲ್ಲಾದರೂ ಫೋಟೊ ಇರಬೇಕು.

ಹಂತ 2: ಹಾಳೆಯಲ್ಲಿ ಮೂರು ಸಂಖ್ಯೆ ಹುಡುಕಿ

ಇಸಿಜಿ ಓದುವುದು ವೈದ್ಯರ ಕೆಲಸ. ಆದರೆ ಹಾಳೆಯ ಮೇಲೆ ಯಂತ್ರವೇ ಅಚ್ಚು ಹಾಕುವ ಮೂರು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳುವುದು ಯಾರಿಗಾದರೂ ಸಾಧ್ಯ. ಕಾಗದದ ಒಂದು ಚಿಕ್ಕ ಚೌಕ 0.04 ಸೆಕೆಂಡು, ಐದು ಚಿಕ್ಕ ಚೌಕದ ಒಂದು ದೊಡ್ಡ ಚೌಕ 0.20 ಸೆಕೆಂಡು.

ಮೊದಲನೆಯದು ಬಡಿತದ ವೇಗ. ಬಡಿತ ಏಕರೀತಿ ಇದ್ದರೆ, ಒಂದು ಎತ್ತರದ ಮುಳ್ಳಿನಿಂದ ಮುಂದಿನ ಮುಳ್ಳಿಗೆ ಎಷ್ಟು ದೊಡ್ಡ ಚೌಕ ಎಂದು ಎಣಿಸಿ 300ನ್ನು ಅದರಿಂದ ಭಾಗಿಸಿ. ನಾಲ್ಕು ಚೌಕವಾದರೆ 75. ಏರುಪೇರಾಗಿದ್ದರೆ 30 ದೊಡ್ಡ ಚೌಕಗಳೊಳಗಿನ ಮುಳ್ಳುಗಳನ್ನು ಎಣಿಸಿ ಹತ್ತರಿಂದ ಗುಣಿಸಿ.

ಎರಡನೆಯದು ಪಿಆರ್ ಅಂತರ, ಸಂಕೇತ ಮೇಲಿನಿಂದ ಕೆಳಗಿಳಿಯಲು ತೆಗೆದುಕೊಳ್ಳುವ ಸಮಯ. 120ರಿಂದ 200 ಮಿಲಿಸೆಕೆಂಡು ಸರಿ. 200 ದಾಟಿದರೆ ಫಸ್ಟ್ ಡಿಗ್ರಿ ಬ್ಲಾಕ್. ಎಲ್ಲ ಸಂಕೇತವೂ ತಲುಪುತ್ತದೆ, ತಡವಾಗಿ ಮಾತ್ರ. ಆಗಾಗ ಒಂದೊಂದು ತಪ್ಪಿದರೆ ಸೆಕೆಂಡ್ ಡಿಗ್ರಿ. ಇದರಲ್ಲಿ ಪಿಆರ್ ನಿಧಾನವಾಗಿ ಉದ್ದವಾಗುತ್ತಾ ಬಂದು ಒಂದು ಬಡಿತ ತಪ್ಪುವ ವೆಂಕೆಬಾಖ್ ಬಗೆ ಹೆಚ್ಚಾಗಿ ನಿರಪಾಯ. ಮುನ್ಸೂಚನೆಯೇ ಇಲ್ಲದೆ ಥಟ್ಟನೆ ತಪ್ಪುವ ಮೊಬಿಟ್ಜ್ 2 ಅಪಾಯಕಾರಿ, ಏಕೆಂದರೆ ಅದು ಪೂರ್ತಿ ಬ್ಲಾಕ್‌ಗೆ ಜಾರಬಹುದು. ಒಂದು ಸಂಕೇತವೂ ಕೆಳಗೆ ತಲುಪದೆ ಮೇಲಿನ ಕೋಣೆ, ಕೆಳಗಿನ ಕೋಣೆ ತಮ್ಮ ಪಾಡಿಗೆ ತಾವು ಬಡಿಯುವುದು ಥರ್ಡ್ ಡಿಗ್ರಿ.

ಮೂರನೆಯದು ಕ್ಯೂಆರ್‌ಎಸ್ ಅಗಲ, ಅಂದರೆ ಎತ್ತರದ ಮುಳ್ಳಿನ ಅಗಲ. 120 ಮಿಲಿಸೆಕೆಂಡು, ಅಂದರೆ ಮೂರು ಚಿಕ್ಕ ಚೌಕ, ಮುಟ್ಟಿದರೆ ಕವಲು ತಡೆ ಪೂರ್ತಿ ಎಂದು ಲೆಕ್ಕ. ಮುಂದಿನ ವರ್ಷಗಳ ಲೆಕ್ಕಾಚಾರದಲ್ಲಿ ಹೆಚ್ಚು ಕೆಲಸಕ್ಕೆ ಬರುವ ಸಂಖ್ಯೆ ಇದೇ.

ಒಂದು ಎಚ್ಚರ. ಆಪರೇಷನ್ ಆದವರ ಎದೆ ಮಧ್ಯದಲ್ಲಿ ಬ್ಯಾಂಡೇಜ್ ಇರುತ್ತದೆ. ವಿ1, ವಿ2 ಎಲೆಕ್ಟ್ರೋಡ್‌ಗಳನ್ನು ನಾಲ್ಕನೇ ಪಕ್ಕೆಲುಬಿನ ಸಂದಿಯಲ್ಲಿ ಎದೆಮೂಳೆಯ ಅಂಚಿಗೆ ಅಂಟಿಸಬೇಕು. ಬ್ಯಾಂಡೇಜ್ ಅಡ್ಡ ಬಂತೆಂದು ಮೇಲೆ ಅಂಟಿಸಿದರೆ ಇಲ್ಲದ ಬಲ ಕವಲಿನ ತಡೆ ಇದ್ದಂತೆ ಕಾಣುತ್ತದೆ. ಬಿಡುಗಡೆಯ ದಿನದ ಇಸಿಜಿಯಲ್ಲಿ ‘ಅಪೂರ್ಣ ಆರ್‌ಬಿಬಿಬಿ’ ಎಂದು ಬಂದು, ಬ್ಯಾಂಡೇಜ್ ತೆಗೆದ ಮೇಲೆ ಮಾಯವಾಗಿದ್ದರೆ ಈ ಕಾರಣವನ್ನೂ ನೆನೆಯಬೇಕು.

ಹಂತ 3: ಆಸ್ಪತ್ರೆಯ ದಿನಗಳು, ಹೊಟ್ಟೆಯ ಮೇಲಿನ ತಂತಿಗಳು

ಅನೇಕ ಆಸ್ಪತ್ರೆಗಳಲ್ಲಿ ಎದೆ ಮುಚ್ಚುವ ಮೊದಲು ಹೃದಯದ ಹೊರಮೈಗೆ ಕೂದಲಿನಷ್ಟು ತೆಳ್ಳಗಿನ ತಾತ್ಕಾಲಿಕ ಪೇಸಿಂಗ್ ತಂತಿ ಹೊಲಿದು, ಎದೆಮೂಳೆಯ ಕೆಳಗಿನಿಂದ ಚರ್ಮದ ಹೊರಗೆ ತಂದಿರುತ್ತಾರೆ. ಸಾಮಾನ್ಯ ಪದ್ಧತಿಯಂತೆ ರೋಗಿಯ ಬಲಬದಿಯಲ್ಲಿ ಬಂದದ್ದು ಮೇಲಿನ ಕೋಣೆಯ ತಂತಿ, ಎಡಬದಿಯದು ಕೆಳಗಿನ ಕೋಣೆಯದು. ಅವು ಹಾಸಿಗೆಯ ಪಕ್ಕದ ಬ್ಯಾಟರಿ ಪೆಟ್ಟಿಗೆಗೆ ಸೇರಿರುತ್ತವೆ. ಬಡಿತ ಇಳಿದರೆ ಪೆಟ್ಟಿಗೆ ಬಡಿಸುತ್ತದೆ.

ಇಲ್ಲಿ ಕೆಡಬಹುದಾದ ಸಂಗತಿ ಮೂರು. ತಂತಿ ಕೂತ ಜಾಗದಲ್ಲಿ ಉರಿಯೂತವಾಗಿ, ನಾಲ್ಕೈದು ದಿನ ಕಳೆದಂತೆ ಹೃದಯವನ್ನು ಬಡಿಸಲು ಬೇಕಾದ ಕರೆಂಟ್ ಏರುತ್ತದೆ. ಮಾನಿಟರ್‌ನಲ್ಲಿ ಪೇಸಿಂಗ್ ಗೆರೆ ಬಂದರೂ ಅದರ ಹಿಂದೆ ಬಡಿತ ಇರುವುದಿಲ್ಲ. ಆದ್ದರಿಂದ ಪ್ರತಿದಿನ ಅಳೆದು, ಬೇಕಾದ ಕರೆಂಟಿಗಿಂತ ಸುಮಾರು ಎರಡರಷ್ಟು ಇಡುತ್ತಾರೆ. ಎರಡನೆಯದು, ಪೆಟ್ಟಿಗೆ ಹೃದಯದ ಸ್ವಂತ ಬಡಿತವನ್ನು ಗುರುತಿಸದೆ ಹೋಗಿ ತಪ್ಪು ಕ್ಷಣದಲ್ಲಿ ಕರೆಂಟ್ ಕೊಡುವುದು. ಅದು ಅಪಾಯಕಾರಿ ಲಯಕ್ಕೆ ದಾರಿಮಾಡಬಹುದು. ಮೂರನೆಯದು ರೋಗಿಯ ಕಡೆಯದು: ಮಗ್ಗುಲು ಬದಲಿಸುವಾಗ, ಶೌಚಾಲಯಕ್ಕೆ ಎದ್ದಾಗ ತಂತಿ ಎಳೆದುಹೋಗುವುದು. ಪೆಟ್ಟಿಗೆಯನ್ನು ಎತ್ತಿಕೊಳ್ಳದೆ ಏಳಬೇಡಿ. ಅದರ ಗುಂಡಿಗಳನ್ನು ಮನೆಯವರು ಮುಟ್ಟಬಾರದು.

ತಂತಿ ತೆಗೆಯುವ ಮುನ್ನ ಪೆಟ್ಟಿಗೆಯ ವೇಗವನ್ನು ಕಡಿಮೆಮಾಡಿ, ಹೃದಯ ತಾನಾಗಿ ಹೇಗೆ ಬಡಿಯುತ್ತಿದೆ ಎಂದು ನೋಡುತ್ತಾರೆ. ತೆಗೆಯುವಾಗ ಒಂದು ಸೆಳೆತ, ಅಷ್ಟೆ. ಆದರೆ ತೆಗೆದ ನಂತರದ ಕೆಲವು ಗಂಟೆ ಮುಖ್ಯ. ಅಪರೂಪಕ್ಕೆ ಹೃದಯದ ಸುತ್ತ ರಕ್ತ ಸೋರಿ ಒತ್ತಡವಾಗುತ್ತದೆ. ತಲೆಸುತ್ತು, ಬೆವರು, ಉಸಿರು ಕಟ್ಟುವುದು, ಬಿಪಿ ಇಳಿಯುವುದು ಕಂಡರೆ ತಕ್ಷಣ ನರ್ಸ್‌ಗೆ ಹೇಳಿ. ಆ ಹೊತ್ತಿನಲ್ಲಿ ಓಡಾಡುವುದಾಗಲೀ ಅದೇ ಗಳಿಗೆಯಲ್ಲಿ ಮನೆಗೆ ಹೊರಡುವುದಾಗಲೀ ಸಲ್ಲದು. ತಂತಿ ಎಳೆದರೆ ಬಾರದಿದ್ದಾಗ ಚರ್ಮದ ಮಟ್ಟಕ್ಕೆ ಕತ್ತರಿಸಿ ಒಳಗೇ ಬಿಡುವುದೂ ಇದೆ. ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ, ಆದರೆ ಸಮ್ಮರಿಯಲ್ಲಿ ದಾಖಲಾಗಿರಲೇಬೇಕು, ಮುಂದೆ ಎಂಆರ್‌ಐ ಮಾಡುವವರು ಕೇಳುತ್ತಾರೆ.

ಇದೇ ದಿನಗಳಲ್ಲಿ ಬರುವ ಇನ್ನೊಂದು ಸಮಸ್ಯೆ ಏಟ್ರಿಯಲ್ ಫಿಬ್ರಿಲೇಷನ್. ಇದು ದಾರಿಯ ತಡೆಯಲ್ಲ, ಮೇಲಿನ ಕೋಣೆಯ ಲಯ ಚೆದುರುವುದು. ಬೈಪಾಸ್ ಆದ ನಾಲ್ವರಲ್ಲಿ ಸುಮಾರು ಒಬ್ಬರಿಗೆ, ಹೆಚ್ಚಾಗಿ ಎರಡನೆಯಿಂದ ನಾಲ್ಕನೆಯ ದಿನದೊಳಗೆ ಬರುತ್ತದೆ. ಇದಕ್ಕೆ ಕೊಡುವ ಮೆಟೊಪ್ರೊಲಾಲ್, ಅಮಿಯೋಡರೋನ್ ಮಾತ್ರೆಗಳು ಬಡಿತ ಇಳಿಸುವಂಥವು. ಎಷ್ಟೋ ಬಾರಿ ಮೂರನೇ ದಿನದ ಎವಿ ಬ್ಲಾಕ್‌ಗೆ ಆಪರೇಷನ್‌ಗಿಂತ ಎರಡನೇ ದಿನದ ಔಷಧಿಯೇ ಕಾರಣ. ಡೋಸ್ ಇಳಿಸಿದರೆ ಸರಿಯಾಗುತ್ತದೆ.

ಪೂರ್ತಿ ಎವಿ ಬ್ಲಾಕ್ ಉಳಿದರೆ ಎಷ್ಟು ಕಾಯಬೇಕು? ಯುರೋಪಿನ 2021ರ ಮಾರ್ಗಸೂಚಿ ಕನಿಷ್ಠ ಐದು ದಿನ ಕಾಯಲು ಹೇಳುತ್ತದೆ. ಹೃದಯದ ಸ್ವಂತ ಬಡಿತ ತೀರಾ ನಿಧಾನ ಅಥವಾ ಇಲ್ಲವೇ ಇಲ್ಲ ಎಂದಾದರೆ ಬೇಗ ತೀರ್ಮಾನಿಸಬಹುದು. ಸೈನಸ್ ನೋಡ್ ಮಾತ್ರ ಮಂಕಾಗಿದ್ದರೆ ಆರು ವಾರದವರೆಗೂ ಕಾಯುವ ಅವಕಾಶವಿದೆ. ಅವಸರದಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರಲ್ಲಿ ಗಣನೀಯ ಭಾಗಕ್ಕೆ ಕೆಲ ತಿಂಗಳ ನಂತರ ಅದರ ಅಗತ್ಯವೇ ಇರುವುದಿಲ್ಲ. ‘ಇನ್ನೆರಡು ದಿನ ನೋಡೋಣ’ ಎಂದು ವೈದ್ಯರು ಹೇಳಿದರೆ ಅದನ್ನು ಬಿಲ್ ಬೆಳೆಸುವ ಮಾತೆಂದು ತಿಳಿಯಬೇಡಿ.

ಹಂತ 4: ಬಿಡುಗಡೆಯ ದಿನ ಕೇಳಿ ಬರೆಸಿಕೊಳ್ಳಬೇಕಾದದ್ದು

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ ಮುಂದಿನ ತಪಾಸಣೆ ಊರಿನಲ್ಲೇ ಎನ್ನುವವರಿಗೆ ಸಮ್ಮರಿಯೇ ಸೇತುವೆ. ಅದರಲ್ಲಿ ಇವಿಷ್ಟು ಇವೆಯೇ ನೋಡಿ:

- ಯಾವ ಗ್ರಾಫ್ಟ್ ಯಾವ ನಾಳಕ್ಕೆ (ಎದೆಯೊಳಗಿನ ಲಿಮಾ ನಾಳದಿಂದ ಎಲ್‌ಎಡಿಗೆ, ಕಾಲಿನ ರಕ್ತನಾಳದಿಂದ ಯಾವುದಕ್ಕೆ)
- ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಎಫ್, ಅಂದರೆ ಪಂಪಿಂಗ್ ಶಕ್ತಿ, ಶೇಕಡಾ ಎಷ್ಟು, ಆಪರೇಷನ್‌ಗೆ ಮೊದಲು ಮತ್ತು ನಂತರ
- ಬಿಡುಗಡೆಯ ದಿನದ ಪಿಆರ್, ಕ್ಯೂಆರ್‌ಎಸ್, ಲಯ
- ಪೇಸಿಂಗ್ ತಂತಿ ಪೂರ್ತಿ ತೆಗೆದರೇ, ಕತ್ತರಿಸಿದರೇ
- ಏಟ್ರಿಯಲ್ ಫಿಬ್ರಿಲೇಷನ್ ಬಂದಿತ್ತೇ. ಅಮಿಯೋಡರೋನ್ ಮತ್ತು ರಕ್ತ ತೆಳುಮಾಡುವ ಮಾತ್ರೆ ಯಾವ ದಿನಾಂಕದವರೆಗೆ
- ಕೊನೆಯ ಪೊಟ್ಯಾಸಿಯಂ, ಕ್ರಿಯೇಟಿನಿನ್ (ಕಿಡ್ನಿಯ ಪರೀಕ್ಷೆ)

ಐದನೆಯದು ಬಹಳ ಸಲ ಬಿಟ್ಟುಹೋಗುತ್ತದೆ. ನಿಲ್ಲಿಸುವ ದಿನಾಂಕ ಇಲ್ಲದ ಕಾರಣಕ್ಕೇ ಅಮಿಯೋಡರೋನ್ ವರ್ಷಗಟ್ಟಲೆ ಮುಂದುವರಿದು ಥೈರಾಯ್ಡ್, ಯಕೃತ್ತು, ಶ್ವಾಸಕೋಶಕ್ಕೆ ಪೆಟ್ಟು ಕೊಡುವುದುಂಟು.

ಹಂತ 5: ಮನೆಯಲ್ಲಿ ನಾಡಿ ನೋಡುವುದು

ಮೊದಲ ಆರು ವಾರ ಬೆಳಿಗ್ಗೆ ಮಾತ್ರೆಗೆ ಮುಂಚೆ ಒಮ್ಮೆ, ಸಂಜೆ ಒಮ್ಮೆ. ಐದು ನಿಮಿಷ ಸುಮ್ಮನೆ ಕುಳಿತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ತೋರುಬೆರಳು, ನಡುಬೆರಳು ಇಟ್ಟು ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನಡುವೆ ತಪ್ಪುವ ಬಡಿತ ಗೊತ್ತಾಗುವುದಿಲ್ಲ. ಸಂಖ್ಯೆಯ ಪಕ್ಕದಲ್ಲಿ ‘ಸಮ’ ಅಥವಾ ‘ಏರುಪೇರು’ ಎಂದು ಬರೆಯಿರಿ.

ಬೀಟಾ ಬ್ಲಾಕರ್ (ಮೆಟೊಪ್ರೊಲಾಲ್‌ನಂಥ ಮಾತ್ರೆ) ತೆಗೆದುಕೊಳ್ಳುವವರಿಗೆ 55ರಿಂದ 60 ಇದ್ದು ಆರಾಮಾಗಿದ್ದರೆ ಚಿಂತೆಯಿಲ್ಲ. 50ಕ್ಕಿಂತ ಕಡಿಮೆಯಾಗಿ ಸುಸ್ತು, ತಲೆಸುತ್ತು ಇದ್ದರೆ ಅದೇ ದಿನ ವೈದ್ಯರಿಗೆ ತಿಳಿಸಿ, ಮುಂದಿನ ಡೋಸ್ ಕೇಳಿಯೇ ತೆಗೆದುಕೊಳ್ಳಿ. 40ಕ್ಕಿಂತ ಕಡಿಮೆ ಕಂಡರೆ, ವಿಶ್ರಾಂತಿಯಲ್ಲಿದ್ದಾಗಲೇ 120ರ ಮೇಲೆ ನಿಂತರೆ, ಅಥವಾ ನಿನ್ನೆವರೆಗೆ ಸಮವಾಗಿದ್ದ ನಾಡಿ ಇಂದು ಚೆಲ್ಲಾಪಿಲ್ಲಿಯಾದರೆ ಆ ಹೊತ್ತಿಗೇ ಇಸಿಜಿ ಆಗಬೇಕು.

ಬಿಪಿ ಯಂತ್ರ ಅಥವಾ ಬೆರಳಿನ ಆಕ್ಸಿಮೀಟರ್ 38 ಎಂದು ತೋರಿಸಿದರೂ ಇಸಿಜಿಯಲ್ಲಿ 76 ಇರುವುದು ಅಪರೂಪವಲ್ಲ. ಒಂದು ಸರಿಯಾದ ಬಡಿತದ ಹಿಂದೆ ಒಂದು ಅಕಾಲದ ಬಡಿತ ಬಂದರೆ, ಎರಡನೆಯದು ಮಣಿಕಟ್ಟಿಗೆ ತಲುಪುವುದಿಲ್ಲ. ಯಂತ್ರ ಅರ್ಧದಷ್ಟನ್ನೇ ಎಣಿಸುತ್ತದೆ. ಅದು ಬ್ಲಾಕ್ ಅಲ್ಲ, ಚಿಕಿತ್ಸೆಯೂ ಬೇರೆ. ಇಸಿಜಿ ತೆಗೆಯದೆ ನಿರ್ಧರಿಸಬಾರದು ಎನ್ನುವುದು ಇದಕ್ಕೇ. ಕೈಗಡಿಯಾರದ ಇಸಿಜಿ ಏಟ್ರಿಯಲ್ ಫಿಬ್ರಿಲೇಷನ್ ಹಿಡಿಯಲು ಉಪಯೋಗ, ಕವಲು ತಡೆ ನೋಡಲು 12 ಲೀಡ್‌ನ ಹಾಳೆಯೇ ಬೇಕು.

ತಲೆಸುತ್ತಿನಲ್ಲಿ ಎರಡು ಬಗೆ. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಕುಳಿತರೆ ಹೋಗುವುದು ಹೆಚ್ಚಾಗಿ ಬಿಪಿ ಇಳಿತ. ಕುಳಿತು ಒಮ್ಮೆ, ನಿಂತು ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಬಿಪಿ ನೋಡಿ. ಮೇಲಿನ ಸಂಖ್ಯೆ 20 ಅಥವಾ ಹೆಚ್ಚು ಇಳಿದರೆ ಮಾತ್ರೆ ಹೊಂದಿಸಬೇಕು. ಇನ್ನೊಂದು, ಕುಳಿತಲ್ಲೇ, ಮಾತಾಡುತ್ತಿದ್ದಾಗಲೇ, ಯಾವ ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪಿ ಬಿದ್ದು, ಕೆಲವೇ ಸೆಕೆಂಡಿನಲ್ಲಿ ಎಚ್ಚರವಾಗುವುದು. ಇದರಲ್ಲಿ ಬಡಿತವೇ ಕೆಲ ಕ್ಷಣ ನಿಂತಿತ್ತೇ ಎಂಬ ಅನುಮಾನ; ಬಿದ್ದು ಹಣೆ ಒಡೆದಿದ್ದರೆ ಅದು ಇನ್ನೂ ಬಲ. ‘ಈಗ ಸರಿಯಾಗಿದ್ದೀನಲ್ಲ’ ಎಂದು ಬಿಡಬೇಡಿ, 108ಕ್ಕೆ ಕರೆಮಾಡಿ. ಕಾರಣ ತಿಳಿಯುವವರೆಗೆ ವಾಹನ ಓಡಿಸುವುದು, ಮರ ಏರುವುದು, ಬಾವಿಕಟ್ಟೆಯ ಹತ್ತಿರ ಒಬ್ಬರೇ ಕೆಲಸ ಮಾಡುವುದು ಬೇಡ.

ಹಂತ 6: ಔಷಧಿ ಮತ್ತು ಪೊಟ್ಯಾಸಿಯಂ

ಮೊದಲ ತಿಂಗಳು ದಾಟಿದ ಮೇಲೆ ಕಾಣಿಸುವ ನಿಧಾನ ಬಡಿತದಲ್ಲಿ ಮೊದಲು ಹುಡುಕಬೇಕಾದದ್ದು ಮಾತ್ರೆಯ ಡಬ್ಬಿಯಲ್ಲಿ. ಮೆಟೊಪ್ರೊಲಾಲ್, ಬೈಸೊಪ್ರೊಲಾಲ್, ಡಿಲ್ಟಿಯಾಜೆಮ್, ವೆರಪಾಮಿಲ್, ಡಿಗಾಕ್ಸಿನ್, ಅಮಿಯೋಡರೋನ್, ಐವಾಬ್ರಡಿನ್, ಕ್ಲೋನಿಡಿನ್ ಎಲ್ಲವೂ ಬಡಿತ ಇಳಿಸುತ್ತವೆ. ಇಬ್ಬರು ವೈದ್ಯರು ಬೇರೆ ಬೇರೆ ಬರೆದು ಎರಡು ಒಟ್ಟಾದಾಗ ಸಮಸ್ಯೆ. ಗ್ಲಾಕೋಮಾಗೆ ಹಾಕುವ ಟಿಮೊಲಾಲ್ ಕಣ್ಣಿನ ಹನಿಯೂ ಬೀಟಾ ಬ್ಲಾಕರ್. ಕಣ್ಣಿನಿಂದ ರಕ್ತಕ್ಕೆ ಸೇರಿ ಬಡಿತ ಇಳಿಸುತ್ತದೆ. ಹೃದಯದ ವೈದ್ಯರಿಗೆ ಕಣ್ಣಿನ ಹನಿಯ ವಿಷಯ ಯಾರೂ ಹೇಳುವುದೇ ಇಲ್ಲ, ಹೇಳಲೇಬೇಕು. ಅಮಿಯೋಡರೋನ್ ನಿಲ್ಲಿಸಿದ ಮೇಲೂ ಅದರ ಪರಿಣಾಮ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇರುತ್ತದೆ. ಅದು ಥೈರಾಯ್ಡ್ ಕುಗ್ಗಿಸಿ ಬಡಿತವನ್ನು ಮತ್ತಷ್ಟು ಇಳಿಸಬಹುದು. ತೆಗೆದುಕೊಳ್ಳುವಷ್ಟು ಕಾಲ ಆರು ತಿಂಗಳಿಗೊಮ್ಮೆ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಯಕೃತ್ತಿನ ಪರೀಕ್ಷೆ ಬೇಕು.

ಹಾಗೆಂದು ಬೀಟಾ ಬ್ಲಾಕರ್ ಅನ್ನು ತಾವಾಗಿ ಥಟ್ಟನೆ ನಿಲ್ಲಿಸಿದರೆ ಬಡಿತ, ಬಿಪಿ ನೆಗೆದು ಎದೆನೋವು ಮರುಕಳಿಸಬಹುದು.

ಪೊಟ್ಯಾಸಿಯಂ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಾಮಾನ್ಯ ಮಟ್ಟ 3.5ರಿಂದ 5.0. ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಮಾತ್ರೆಯ ಜೊತೆ ಸ್ಪೈರೊನೊಲ್ಯಾಕ್ಟೋನ್ ಇದ್ದು, ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸ್ವಲ್ಪ ಕುಂದಿದ್ದರೆ ಪೊಟ್ಯಾಸಿಯಂ ಏರುತ್ತದೆ. ಅದಕ್ಕೆ ‘ಲೋ ಸೋಡಿಯಂ’ ಉಪ್ಪು ಸೇರಿದರೆ ಇನ್ನಷ್ಟು, ಏಕೆಂದರೆ ಅದರಲ್ಲಿ ಸೋಡಿಯಂನ ಒಂದು ಭಾಗದ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಆಪರೇಷನ್ ಆದವರಿಗೆ ಶಕ್ತಿ ಬರಲೆಂದು ದಿನಾ ಎರಡು ಎಳನೀರು ಕುಡಿಸುವುದು ನಮ್ಮಲ್ಲಿ ವಾಡಿಕೆ. ಒಂದು ಎಳನೀರಿನಲ್ಲಿ ಸುಮಾರು 600 ಮಿಲಿಗ್ರಾಂ ಪೊಟ್ಯಾಸಿಯಂ ಇರಬಹುದು. ಕಿಡ್ನಿ ಸರಿಯಿದ್ದವರಿಗೆ ಅಡ್ಡಿಯಿಲ್ಲ. ಮೇಲಿನ ಗುಂಪಿನವರಿಗೆ ಅದು ವಿಷದಂತೆಯೇ ಆಗಬಹುದು. ವಾಂತಿ ಭೇದಿಯಾಗಿ ನೀರಿನಂಶ ಇಳಿದ ದಿನ ಕಿಡ್ನಿ ಮಂಕಾಗುತ್ತದೆ, ಪೊಟ್ಯಾಸಿಯಂ ಏರುತ್ತದೆ, ಬೀಟಾ ಬ್ಲಾಕರ್ ಪರಿಣಾಮ ಹೆಚ್ಚುತ್ತದೆ, ಬಡಿತ ಇಳಿದು ಕಿಡ್ನಿಗೆ ರಕ್ತ ಇನ್ನೂ ಕಡಿಮೆಯಾಗುತ್ತದೆ. ಒಂದನ್ನೊಂದು ತಳ್ಳುವ ಈ ಸರಪಳಿಯಲ್ಲಿ ಕೆಲವೇ ಗಂಟೆಯಲ್ಲಿ ಬಡಿತ 30ಕ್ಕೆ ಬರಬಹುದು. ಪೊಟ್ಯಾಸಿಯಂ ಇಳಿಸಿದರೆ ಹಲವರಲ್ಲಿ ಬಡಿತ ತಾನಾಗಿ ಮರಳುತ್ತದೆ, ಕಾಯಂ ಪೇಸ್‌ಮೇಕರ್ ಬೇಕಾಗುವುದಿಲ್ಲ. ಭೇದಿಯಾದ ದಿನ ಯಾವ ಮಾತ್ರೆ ತಡೆಹಿಡಿಯಬೇಕು ಎಂದು ಮೊದಲೇ ವೈದ್ಯರಿಂದ ಬರೆಸಿಟ್ಟುಕೊಳ್ಳಿ.

ಹಂತ 7: ಆರು ವಾರ, ಮೂರು ತಿಂಗಳು

ಆರು ವಾರಕ್ಕೆ ಇಸಿಜಿ, ರಕ್ತಪರೀಕ್ಷೆ. ಆಪರೇಷನ್ ಬಳಿಕ ಬಂದಿದ್ದ ಏಟ್ರಿಯಲ್ ಫಿಬ್ರಿಲೇಷನ್ ಹೋಗಿದೆಯೇ, ರಕ್ತ ತೆಳುಮಾಡುವ ಮಾತ್ರೆ ಬೇಕೇ ಎಂಬ ತೀರ್ಮಾನ ಸಾಮಾನ್ಯವಾಗಿ ಒಂದರಿಂದ ಎರಡು ತಿಂಗಳೊಳಗೆ ಆಗುತ್ತದೆ. ತಲೆಸುತ್ತು ಆಗಾಗ ಬರುತ್ತಿದ್ದರೆ 24 ಗಂಟೆಯ ಹೋಲ್ಟರ್ (ಮೈಗೆ ಕಟ್ಟಿಕೊಂಡು ಓಡಾಡುವ ಇಸಿಜಿ), ಅದರಲ್ಲಿ ಸಿಗದಿದ್ದರೆ ಹೆಚ್ಚು ದಿನದ ಪ್ಯಾಚ್. ಎರಡು ಕವಲುಗಳಲ್ಲಿ ತಡೆ ಇದ್ದು ಪ್ರಜ್ಞೆ ತಪ್ಪಿದ್ದರೆ ತೊಡೆಯ ರಕ್ತನಾಳದ ಮೂಲಕ ವಿದ್ಯುತ್ ದಾರಿಯನ್ನು ಅಳೆಯುವ ಇಪಿ ಪರೀಕ್ಷೆ. ಅದರಲ್ಲಿ ಎಚ್‌ವಿ ಅಂತರ (ಹಿಸ್ ಕಟ್ಟಿನಿಂದ ಕೆಳಗಿನ ಕೋಣೆಗೆ ಸಂಕೇತ ತಲುಪುವ ಸಮಯ) 70 ಮಿಲಿಸೆಕೆಂಡು ಅಥವಾ ಹೆಚ್ಚಿದ್ದರೆ ಪೇಸ್‌ಮೇಕರ್. ಒಂದು ಇಸಿಜಿಯಲ್ಲಿ ಬಲ ಕವಲು, ಇನ್ನೊಂದರಲ್ಲಿ ಎಡ ಕವಲು ಎಂದು ತಡೆ ಅದಲುಬದಲಾದರೆ ಲಕ್ಷಣವಿಲ್ಲದಿದ್ದರೂ ಪೇಸ್‌ಮೇಕರ್ ಬೇಕು.

ಮೂರು ತಿಂಗಳಿಗೆ ಎಕೋ ತಪ್ಪಿಸಬಾರದು. ರಕ್ತ ಸಾಲದೆ ಜಡವಾಗಿದ್ದ ಸ್ನಾಯು ಬೈಪಾಸ್ ನಂತರ ಎಚ್ಚರಗೊಳ್ಳಲು ಸಮಯ ಬೇಕು. ಇಎಫ್ 35 ಅಥವಾ ಕಡಿಮೆ ಎಂಬ ಕಾರಣಕ್ಕೆ, ಮುಂಜಾಗ್ರತೆಯಾಗಿ ಹಾಕುವ ಐಸಿಡಿಯನ್ನು (ಅಪಾಯಕಾರಿ ಲಯವನ್ನು ಶಾಕ್ ಕೊಟ್ಟು ಸರಿಪಡಿಸುವ ಸಾಧನ) ಬೈಪಾಸ್ ಆಗಿ 90 ದಿನ ಕಳೆದು, ಔಷಧಿ ಸರಿಯಾಗಿ ನಡೆದ ಮೇಲೆ ಮತ್ತೆ ಅಳೆದು ನಿರ್ಧರಿಸುತ್ತಾರೆ. ಬೈಪಾಸ್ ಮಾಡುವಾಗಲೇ ಒಂದು ಗುಂಪಿಗೆ ಐಸಿಡಿ ಹಾಕಿ, ಇನ್ನೊಂದಕ್ಕೆ ಹಾಕದೆ ಹೋಲಿಸಿ ನೋಡಿದ ‘ಕ್ಯಾಬ್ಜ್ ಪ್ಯಾಚ್’ ಪ್ರಯೋಗದಲ್ಲಿ (1997) ಜೀವ ಉಳಿಸುವ ಲಾಭ ಕಾಣಲಿಲ್ಲ. ಮೂರು ತಿಂಗಳ ನಂತರವೂ ಇಎಫ್ 35ರೊಳಗೇ ಇದ್ದು, ಎಡ ಕವಲಿನ ತಡೆಯಿಂದ ಕ್ಯೂಆರ್‌ಎಸ್ 150 ದಾಟಿ, ಉಸಿರಾಟದ ತೊಂದರೆ ಇದ್ದರೆ ಸಿಆರ್‌ಟಿ ಸಾಧನದಿಂದ ನಿಜವಾದ ಪ್ರಯೋಜನವಿದೆ. ಎಡ ಕವಲು ಕೆಟ್ಟಾಗ ಹೃದಯದ ಎರಡು ಗೋಡೆಗಳು ಹಿಂದುಮುಂದಾಗಿ ಕುಗ್ಗುತ್ತವೆ; ಸಿಆರ್‌ಟಿ ಅವನ್ನು ಜೊತೆಗೂಡಿಸುತ್ತದೆ.

ಪೇಸ್‌ಮೇಕರ್ ಹಾಕಿದ್ದರೆ

ಸಾಧನ ಸಾಮಾನ್ಯವಾಗಿ ಎಡ ಕೊರಳೆಲುಬಿನ ಕೆಳಗೆ. ನಾಲ್ಕರಿಂದ ಆರು ವಾರ ಆ ತೋಳನ್ನು ಭುಜದ ಮೇಲಕ್ಕೆ ಎತ್ತಬಾರದು, ಲೀಡ್ (ಸಾಧನದಿಂದ ಹೃದಯಕ್ಕೆ ಹೋಗುವ ತಂತಿ) ಕದಲುತ್ತದೆ. ಆದರೆ ನೋವಿಗೆ ಹೆದರಿ ತೋಳನ್ನು ಕದಲಿಸದೆ ಇಟ್ಟರೆ ಭುಜ ಸೆಟೆಯುತ್ತದೆ. ಭುಜದ ಮಟ್ಟದೊಳಗೆ ಅಲ್ಲಾಡಿಸುತ್ತಿರಿ. ಜಾಗ ಕೆಂಪಾಗಿ ಊದಿದರೆ, ಕೀವು ಬಂದರೆ ಹಾಕಿದ ಆಸ್ಪತ್ರೆಗೇ ಹೋಗಿ. ಯಾರಿಗೂ ಅಲ್ಲಿ ಸೂಜಿ ಚುಚ್ಚಿ ತೆಗೆಯಲು ಬಿಡಬೇಡಿ. ಸೋಂಕು ಲೀಡ್ ಹಿಡಿದು ಹೃದಯಕ್ಕೆ ಇಳಿಯಬಹುದು.

ಮೊಬೈಲ್ 15 ಸೆಂ.ಮೀ ದೂರ, ಎದೆಯ ಜೇಬಿನಲ್ಲಿ ಬೇಡ. ಇಂಡಕ್ಷನ್ ಒಲೆಯಿಂದ ಎರಡು ಅಡಿ. ಮಿಕ್ಸಿ, ಟಿವಿ, ಫ್ರಿಜ್‌ಗೆ ಹೆದರಬೇಕಿಲ್ಲ. ಪಂಪ್‌ಸೆಟ್ ಸ್ಟಾರ್ಟರ್ ಅನ್ನು ತೋಳು ಚಾಚಿ ಒತ್ತಿ, ಎದೆ ತಾಗಿಸಿ ಬಾಗಬೇಡಿ. ಆರ್ಕ್ ವೆಲ್ಡಿಂಗ್ ಮಾಡುವವರು ವೈದ್ಯರನ್ನು ಕೇಳದೆ ಕೆಲಸಕ್ಕೆ ಮರಳಬಾರದು. ಕಾರ್ಡ್ ಸದಾ ಜೇಬಿನಲ್ಲಿರಲಿ. ಎಂಆರ್‌ಐ ಆಗುತ್ತದೆಯೇ ಎಂಬುದು ಅದರ ಮಾಡೆಲ್ ನೋಡಿ ತಿಳಿಯುತ್ತದೆ.

ಎರಡು ಮೂರು ತಿಂಗಳಿಗೆ ಮೊದಲ ಪರೀಕ್ಷೆ, ನಂತರ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ. ಬ್ಯಾಟರಿ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ಕೆಳಗಿನ ಬಲ ಕೋಣೆಯನ್ನು ನೂರಕ್ಕೆ ಎಷ್ಟು ಬಾರಿ ಯಂತ್ರ ಬಡಿಸುತ್ತಿದೆ? ಈ ಸಂಖ್ಯೆ ಹೆಚ್ಚಿದ್ದರೆ, 20ರಿಂದ 40 ದಾಟಿದವರಲ್ಲಿ ವಿಶೇಷವಾಗಿ, ವರ್ಷಗಳಲ್ಲಿ ಹೃದಯದ ಪಂಪಿಂಗ್ ಕುಗ್ಗುವ ಅಪಾಯವಿದೆ. ಸ್ವಂತ ದಾರಿ ಚೇತರಿಸಿಕೊಂಡಿದ್ದರೆ ಸೆಟ್ಟಿಂಗ್ ಬದಲಿಸಿ ಅನಗತ್ಯ ಪೇಸಿಂಗ್ ತಗ್ಗಿಸಬಹುದು. ಕೇಳದಿದ್ದರೆ ಹಳೆಯ ಸೆಟ್ಟಿಂಗೇ ಮುಂದುವರಿಯುವ ಸಂಭವವಿದೆ.

ಮುಂದಿನ ವರ್ಷಗಳು

ಬಲ ಕವಲಿನ ತಡೆ ಒಂದೇ ಇದ್ದು ಇಎಫ್ ಚೆನ್ನಾಗಿದ್ದರೆ ಅದು ಆಯುಷ್ಯದ ಲೆಕ್ಕವನ್ನು ಹೆಚ್ಚು ಬದಲಿಸುವುದಿಲ್ಲ. ವರ್ಷಕ್ಕೊಂದು ಇಸಿಜಿ ಸಾಕು. ಕಾಯಂ ಎಡ ಕವಲಿನ ತಡೆ ಹಾಗಲ್ಲ. ಅದು ಸ್ನಾಯು ಹಾನಿಯ ಗುರುತಾಗಿರಬಹುದು, ತಾನೇ ಪಂಪಿಂಗ್ ಕುಗ್ಗಿಸಲೂಬಹುದು. ವರ್ಷಕ್ಕೊಮ್ಮೆ ಎಕೋ ಬೇಕು. ಪೇಸ್‌ಮೇಕರ್ ಬೇಕಾದವರ ಬದುಕಿನ ಅಂಕಿಗಳು ಇತರರಿಗಿಂತ ಕೆಳಗಿರುವುದು ಕಂಡರೆ, ಅವರು ಹೆಚ್ಚಾಗಿ ವಯಸ್ಸಾದವರು, ಹೃದಯ ಮೊದಲೇ ದಣಿದವರು ಎಂಬುದನ್ನೂ ಸೇರಿಸಿ ಓದಬೇಕು.

ದೀರ್ಘಕಾಲದ ಫಲಿತಾಂಶವನ್ನು ಹೆಚ್ಚು ನಿರ್ಧರಿಸುವುದು ಗ್ರಾಫ್ಟ್, ಇಎಫ್ ಮತ್ತು ಮಾತ್ರೆ. ಎದೆಯೊಳಗಿನ ಲಿಮಾ ನಾಳವನ್ನು ಎಲ್‌ಎಡಿಗೆ ಜೋಡಿಸಿದ್ದು ಹತ್ತು ವರ್ಷಕ್ಕೂ ನೂರಕ್ಕೆ 90ರ ಆಸುಪಾಸಿನಲ್ಲಿ ತೆರೆದಿರುತ್ತದೆ. ಕಾಲಿನಿಂದ ತೆಗೆದವು ಆ ಹೊತ್ತಿಗೆ ಅರ್ಧ ಅಥವಾ ತುಸು ಹೆಚ್ಚು ಮಾತ್ರ. ಇಎಫ್ 35ರೊಳಗಿದ್ದ 1,212 ಜನರನ್ನು ಹತ್ತು ವರ್ಷ ಹಿಂಬಾಲಿಸಿದ ಸ್ಟಿಚ್ ಅಧ್ಯಯನದಲ್ಲಿ (2016) ಬೈಪಾಸ್ ಗುಂಪಿನಲ್ಲಿ 58.9 ಶೇಕಡಾ, ಔಷಧಿ ಮಾತ್ರದ ಗುಂಪಿನಲ್ಲಿ 66.1 ಶೇಕಡಾ ಜನ ತೀರಿಕೊಂಡರು. ಲಾಭ ನಿಜ, ದುರ್ಬಲ ಹೃದಯದವರಿಗೆ ಆಪರೇಷನ್ ನಂತರವೂ ಚಿಕಿತ್ಸೆ ಬಿಗಿಯಾಗಿರಬೇಕು ಎಂಬುದೂ ಅಷ್ಟೇ ನಿಜ. ಆಸ್ಪಿರಿನ್ ಜೀವನಪೂರ್ತಿ, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಪೂರ್ಣ ಡೋಸ್, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 70ಕ್ಕಿಂತ ಕೆಳಗೆ (55ರೊಳಗಾದರೆ ಇನ್ನೂ ಒಳ್ಳೆಯದು), ಬಿಪಿ 130/80ರೊಳಗೆ, ಬೀಡಿ ಸಿಗರೇಟು ತಂಬಾಕು ಪೂರ್ತಿ ಬಿಡುವುದು. ಎರಡು ವರ್ಷ ಆರಾಮಾಗಿದ್ದ ಮೇಲೆ ಸ್ಟಾಟಿನ್ ಬಿಡುವುದೇ ಎಲ್ಲಕ್ಕಿಂತ ದುಬಾರಿಯಾಗುವ ಉಳಿತಾಯ.

ಮತ್ತೆ ಎದೆನೋವು ಅಥವಾ ಆಯಾಸ ಬಂದು ಪರೀಕ್ಷೆ ಬರೆದುಕೊಟ್ಟರೆ ನಿಮ್ಮ ಕವಲು ತಡೆಯ ಬಗ್ಗೆ ಹೇಳಿ. ಎಲ್‌ಬಿಬಿಬಿ ಇರುವವರ ಟ್ರೆಡ್‌ಮಿಲ್ ಇಸಿಜಿಯಿಂದ ರಕ್ತದ ಕೊರತೆ ಗುರುತಿಸಲಾಗದು. ನ್ಯೂಕ್ಲಿಯರ್ ಸ್ಕ್ಯಾನ್ ಮಾಡುವುದಾದರೂ ಓಡಿಸಿ ಮಾಡಿದರೆ ನಡುಗೋಡೆಯಲ್ಲಿ ಇಲ್ಲದ ಕೊರತೆ ಕಾಣಬಹುದು. ರಕ್ತನಾಳ ಹಿಗ್ಗಿಸುವ ಔಷಧಿ ಕೊಟ್ಟು ಮಾಡುವ ಸ್ಕ್ಯಾನ್ ಅವರಿಗೆ ಸರಿ. ಪೇಸ್‌ಮೇಕರ್‌ನಿಂದ ಬಲ ಕೋಣೆ ಬಡಿಯುತ್ತಿರುವವರಿಗೂ ಇದೇ ಮಾತು ಅನ್ವಯ. ಗ್ರಾಫ್ಟ್‌ಗಳನ್ನೇ ನೋಡಬೇಕಿದ್ದರೆ ಸಿಟಿ ಆಂಜಿಯೋದಲ್ಲಿ ಅವು ಚೆನ್ನಾಗಿ ಕಾಣುತ್ತವೆ, ಆದರೆ ಕ್ರಿಯೇಟಿನಿನ್ ಏರಿದ್ದರೆ ಕಾಂಟ್ರಾಸ್ಟ್ ಕೊಡುವ ಮೊದಲು ತಿಳಿಸಬೇಕು.